ಮೆಟಲ್ ಅಬ್ಬರದೊಳಗೊಂದು ಉಲ್ಲಾಸ: ಬೆಂಗಳೂರಿನ ‘ಆಫ್ಟರ್‌ಬರ್ನರ್’

ಹೆವಿ ಮೆಟಲ್ ಎಂದೊಡನೆ ಕಿವಿಗಡಚಿಕ್ಕುವ ಅಬ್ಬರ, ಕಪ್ಪು ಉಡುಪು, ಕರ್ಕಶ ಕಂಠ ನೆನಪಾಗುವುದು ಸಹಜ. ಬೆಂಗಳೂರಿನ ‘ಕ್ರಿಪ್ಟೋಸ್’ ತಂಡ 2019ರಲ್ಲಿ ಹೊರತಂದ ಐದನೆಯ ಆಲ್ಬಂ ‘ಆಫ್ಟರ್‌ಬರ್ನರ್’ ಈ ಕಲ್ಪನೆಯನ್ನು ಸಡಿಲಗೊಳಿಸುತ್ತದೆ. ಎಂಟು ಇಂಗ್ಲಿಷ್ ಹಾಡುಗಳ ಈ ಆಲ್ಬಂನಲ್ಲಿ ಕಂಠ ಕರ್ಕಶವೇ. ಆದರೆ ಗಿಟಾರ್‌ಗಳು ಉಲ್ಲಾಸದಿಂದ ಹಾಡುತ್ತವೆ.

ಏನಿದು ಗ್ಲ್ಯಾಮ್?

ಇಂತಹ ಉಲ್ಲಾಸವನ್ನು ರಾಕ್ ಸಂಗೀತಕ್ಕೆ ಧಾರಾಳವಾಗಿ ತಂದಿದ್ದು 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಗ್ಲ್ಯಾಮ್ ರಾಕ್. ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್, ಡೇವಿಡ್ ಬೋವಿ, ಸ್ಲೇಡ್, ಸ್ವೀಟ್ ಇದರ ಮುಂಚೂಣಿಯಲ್ಲಿದ್ದವರು. ಹೊಳೆಯುವ ಉಡುಪು, ಮುಖಕ್ಕೆ ಬಣ್ಣ ಇದರ ಹೊರರೂಪ. ಚಪ್ಪಾಳೆ ತಟ್ಟಿಸುವ ತಾಳ ಮತ್ತು ಒಮ್ಮೆ ಕೇಳಿದರೆ ನಾಲಿಗೆಗೆ ಹತ್ತುವ ಪಲ್ಲವಿ ಇದರ ಒಳತಿರುಳು. ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಂತಹ ಊರುಗಳ ಭಜನೆಯಲ್ಲಿ ಒಬ್ಬರು ಎತ್ತಿದ ಪಲ್ಲವಿಯನ್ನು ಮೇಳವೆಲ್ಲ ಹಿಡಿದುಕೊಳ್ಳುವಂತೆ, ಇಲ್ಲಿ ಸಭಿಕರೇ ಪಲ್ಲವಿಯನ್ನು ಕೈಗೆತ್ತಿಕೊಳ್ಳುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಮಾಟ್ಲಿ ಕ್ರೂ ಮುಂತಾದ ತಂಡಗಳು ಇದಕ್ಕೆ ಮೆಟಲ್‌ನ ಗಡಸು ಬೆರೆಸಿದವು.

ಜಟಿಲತೆಯಿಂದ ಸರಳತೆಗೆ

1998ರಲ್ಲಿ ಸ್ಥಾಪನೆಯಾದ ಕ್ರಿಪ್ಟೋಸ್ ಗ್ಲ್ಯಾಮ್ ತಂಡವೇನಲ್ಲ. ‘ಸ್ಪೈರಲ್ ಅಸೆಂಟ್’ (2004), ‘ದ ಆರ್ಕ್ ಆಫ್ ಜೆಮಿನೈ’ (2008) ಆಲ್ಬಂಗಳ ಹಾಡುಗಳು ಜಟಿಲವಾದ ತಿರುವುಗಳಿಂದ ಕೂಡಿದ್ದವು. ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಮೂಲಕ ಬಂದ ‘ಬರ್ನ್ ಅಪ್ ದ ನೈಟ್’ (2016) ವೇಳೆಗೆ ತಂಡ ನೇರವಾದ, ಎಂಬತ್ತರ ದಶಕದ ಹಾರ್ಡ್ ರಾಕ್ ನೆನಪಿಸುವ ಹಾದಿ ಹಿಡಿದಿತ್ತು. ‘ಆಫ್ಟರ್‌ಬರ್ನರ್’ ಆ ಹಾದಿಯಲ್ಲಿ ಮತ್ತಷ್ಟು ಮುಂದೆ ಸಾಗಿತು.

ನೋಲನ್ ಲೂಯಿಸ್ ಮತ್ತು ರೋಹಿತ್ ಚತುರ್ವೇದಿ ಅವರ ಜೋಡಿ ಗಿಟಾರ್ ಈ ಆಲ್ಬಂನ ಜೀವಾಳ. ಒಂದೇ ರಾಗವನ್ನು ಎರಡು ಗಿಟಾರ್‌ಗಳು ಬೇರೆ ಬೇರೆ ಸ್ವರಮಟ್ಟದಲ್ಲಿ ಜೊತೆಜೊತೆಯಾಗಿ ನುಡಿಸುವ ಈ ಕ್ರಮವನ್ನು ಥಿನ್ ಲಿಜ್ಜಿ, ಐರನ್ ಮೇಡನ್ ತಂಡಗಳು ಜನಪ್ರಿಯಗೊಳಿಸಿದ್ದವು. ಲೂಯಿಸ್ ಅವರ ಒರಟು ಕಂಠ ಇಂಪಾಗಿ ಹಾಡುವ ಗೋಜಿಗೆ ಹೋಗುವುದಿಲ್ಲ. ಪಾಪ್ ಗೀತೆಯ ಗಾಯಕ ಮಾಡಬೇಕಾದ ಕೆಲಸವನ್ನು ಇಲ್ಲಿ ಗಿಟಾರ್ ವಹಿಸಿಕೊಂಡಿದೆ.

ಶೀರ್ಷಿಕೆಯೂ ಅರ್ಥಪೂರ್ಣವಾಗಿದೆ. ಯುದ್ಧವಿಮಾನದ ಎಂಜಿನ್ನಿನಿಂದ ಹೊರಬರುವ ಬಿಸಿ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸಿ ಹೆಚ್ಚುವರಿ ನೂಕುಬಲ ಪಡೆಯುವ ಸಾಧನವೇ ಆಫ್ಟರ್‌ಬರ್ನರ್. ಹಳೆಯ ಸಂಗೀತಕ್ಕೆ ಹೊಸ ಕಿಡಿ ತಾಗಿಸುವುದೂ ಅದೇ ಬಗೆಯ ಕೆಲಸ.

ಪಣಕ್ಕಿಟ್ಟಿದ್ದೇನು?

ಸಿನಿಮಾ ಗೀತೆಗಳೇ ಮಾರುಕಟ್ಟೆಯನ್ನು ಆಳುವ ನಾಡಿನಲ್ಲಿ, ಸ್ವಂತ ರಚನೆಗಳನ್ನೇ ನೆಚ್ಚಿಕೊಂಡ ಮೆಟಲ್ ತಂಡಕ್ಕೆ ಉಳಿವೇ ದೊಡ್ಡ ಪ್ರಶ್ನೆ. ಶೈಲಿ ಬದಲಿಸಿದರೆ ಇರುವ ಅಭಿಮಾನಿಗಳೂ ದೂರವಾಗುವ ಅಪಾಯವಿರುತ್ತದೆ. ಕ್ರಿಪ್ಟೋಸ್ 2013 ಹಾಗೂ 2017ರಲ್ಲಿ ಜರ್ಮನಿಯ ಪ್ರಸಿದ್ಧ ವಾಕೆನ್ ಮೆಟಲ್ ಉತ್ಸವದ ವೇದಿಕೆ ಏರಿತ್ತು. ‘ಆಫ್ಟರ್‌ಬರ್ನರ್’ ಬಳಿಕ ‘ಫೋರ್ಸ್ ಆಫ್ ಡೇಂಜರ್’ (2021), ‘ಡೆಸಿಮೇಟರ್’ (2024) ಆಲ್ಬಂಗಳೂ ಬಂದವು.

ಸರಳಗೊಳಿಸುವುದೆಂದರೆ ರಾಜಿ ಮಾಡಿಕೊಳ್ಳುವುದಲ್ಲ ಎಂಬುದಕ್ಕೆ ಈ ಆಲ್ಬಂ ನಿದರ್ಶನ. ಮೆಟಲ್ ಸಂಗೀತದತ್ತ ಸುಳಿಯದ ಕೇಳುಗರೂ ಇದರಿಂದಲೇ ಆರಂಭಿಸಬಹುದು. ಮೊದಲು ಗಿಟಾರ್‌ನ ರಾಗವನ್ನು ಹಿಂಬಾಲಿಸಿದರೆ ಸಾಕು, ಕಂಠದ ಒರಟುತನ ತಾನಾಗಿಯೇ ಒಗ್ಗುತ್ತದೆ.