ಪೀಣ್ಯದ ಗುಜರಿ ಡಬ್ಬದಲ್ಲಿರುವ ಟಂಗ್‌ಸ್ಟನ್

ತುಮಕೂರು ರಸ್ತೆಗೆ ಹೊಂದಿಕೊಂಡು ಬೆಳೆದ ಪೀಣ್ಯದಲ್ಲಿ ಯಾವ ಅಡ್ಡರಸ್ತೆಗೆ ಹೊಕ್ಕರೂ ಲೇತಿನ ಸದ್ದು, ಕೂಲಂಟ್ ವಾಸನೆ. 1970ರ ದಶಕದಲ್ಲಿ ರೂಪುಗೊಂಡು ಸಾವಿರಾರು ಸಣ್ಣ ಕಾರ್ಖಾನೆಗಳಿಗೆ ನೆಲೆಯಾದ ಪ್ರದೇಶ ಇದು. ಇಲ್ಲಿನ ಸಿಎನ್‌ಸಿ ಯಂತ್ರಗಳ ಪಕ್ಕದಲ್ಲಿ ಎಣ್ಣೆ ಹಿಡಿದ ಒಂದು ಡಬ್ಬ ಇರುತ್ತದೆ. ಅದರೊಳಗೆ ಸವೆದ ಕಾರ್ಬೈಡ್ ಇನ್ಸರ್ಟ್‌ಗಳು, ಅಂದರೆ ಲೋಹ ಕತ್ತರಿಸುವ ತುದಿಗಳು: ಹೆಬ್ಬೆರಳಿನ ಉಗುರಿನಷ್ಟಗಲ, ನಡುವೆ ತೂತು, ಮೇಲೆ ಚಿನ್ನದ ಬಣ್ಣದ ಲೇಪ. ಸಾಮಾನ್ಯವಾಗಿ ಬಳಸುವ ಒಂದು ಇನ್ಸರ್ಟಿನ ತೂಕ ಸುಮಾರು 10 ಗ್ರಾಂ. ನಾಲ್ಕೂ ಅಂಚು ಮೊಂಡಾದ ಮೇಲೂ ಮೂಲೆಗಳಲ್ಲಿ ಕೂದಲೆಳೆಯಷ್ಟು ಸವೆದದ್ದು ಬಿಟ್ಟರೆ ಉಳಿದ ಲೋಹವೆಲ್ಲ, ಬಹುಪಾಲು ಟಂಗ್‌ಸ್ಟನ್, ಹಾಗೇ ಇರುತ್ತದೆ. ನಮ್ಮ ನಾಡಿಗೆ ಹತ್ತಿರದ ಟಂಗ್‌ಸ್ಟನ್ ಗಣಿ ಈ ಡಬ್ಬವೇ. ಅದನ್ನು ಹಾಗೆ ಕಾಣದಿರುವುದು ದೊಡ್ಡ ನಷ್ಟ.

ಈ ತುಣುಕು ಎರಕದಿಂದ ಆದದ್ದಲ್ಲ. ಟಂಗ್‌ಸ್ಟನ್ ಕರಗಲು 3,422 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಕಾವಿನಲ್ಲಿ ಎರಕ ಹೊಯ್ಯುವುದು ಆಗದ ಮಾತು. ಹಾಗಾಗಿ ಟಂಗ್‌ಸ್ಟನ್ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಪುಡಿ ಸೇರಿಸಿ, ಬಾಲ್ ಮಿಲ್ಲಿನಲ್ಲಿ ಗಂಟೆಗಟ್ಟಲೆ ಅರೆದು, ಚೂರು ಮೇಣ ಬೆರೆಸಿ ಅಚ್ಚಿನಲ್ಲಿ ಒತ್ತುತ್ತಾರೆ. ಒತ್ತಿದ ತುಂಡು ಸೀಮೆಸುಣ್ಣದಂತೆ, ಬೆರಳಲ್ಲಿ ಮುರಿಯಬಹುದು. ಕುಲುಮೆಯಲ್ಲಿ ಕಾವು ಸುಮಾರು 1,400 ಡಿಗ್ರಿಗೆ ಏರಿದಾಗ ಕೋಬಾಲ್ಟ್ ದ್ರವವಾಗಿ ಕಣಗಳ ನಡುವೆ ಹರಿದು ಅವನ್ನು ಒಂದಕ್ಕೊಂದು ಹತ್ತಿರ ಎಳೆಯುತ್ತದೆ. ತುಂಡಿನ ಉದ್ದ ಅಗಲ ಐದರಲ್ಲೊಂದು ಪಾಲಿನಷ್ಟು ಕುಗ್ಗಿ, ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕೊನೆಗೆ ಅದೇ ಕುಲುಮೆಯಲ್ಲಿ ಆರ್ಗಾನ್ ಅನಿಲವನ್ನು 50ರಿಂದ 100 ಬಾರ್ ಒತ್ತಡದಲ್ಲಿ ತುಂಬಿದರೆ ಒಳಗೆ ಉಳಿದ ಸಣ್ಣ ರಂಧ್ರಗಳೂ ಮುಚ್ಚುತ್ತವೆ. ಬೋರ್‌ವೆಲ್ ಬಿಟ್ಟಿನ ಕಾರ್ಬೈಡ್ ಬಟನ್‌ಗಳು ಕರಿಕಲ್ಲಿನ ಏಟು ತಾಳುವುದು ಈ ಬಿಗಿತದಿಂದಲೇ. ಜರ್ಮನಿಯ ಕ್ರುಪ್ ಕಂಪನಿ ಈ ಬಗೆಯ ಕಾರ್ಬೈಡನ್ನು ವಿಡಿಯಾ ಹೆಸರಿನಲ್ಲಿ 1926ರಲ್ಲಿ ಮಾರುಕಟ್ಟೆಗೆ ತಂದಿತು. ವಿಡಿಯಾ ಇಂಡಿಯಾ 1964ರಲ್ಲಿ ಸ್ಥಾಪನೆಯಾಯಿತು. ತುಮಕೂರು ರಸ್ತೆಯ ಆ ಕಾರ್ಖಾನೆ ಈಗ ಕೆನ್ನಾಮೆಟಲ್ ಇಂಡಿಯಾ.

ಇಷ್ಟು ಶ್ರಮದ ವಸ್ತುವಿಗೆ ಬೇಕಾದ ಅದಿರು ಎಲ್ಲಿಂದ ಬರಬೇಕು? ಜಗತ್ತಿನ ಟಂಗ್‌ಸ್ಟನ್ನಿನಲ್ಲಿ ಸುಮಾರು ಶೇ 80ರಷ್ಟನ್ನು ತೆಗೆಯುವ ಚೀನಾ 2025ರ ಫೆಬ್ರವರಿಯಲ್ಲಿ ಅದರ ರಫ್ತಿಗೆ ನಿಯಂತ್ರಣ ಹೇರಿತು. ಟಂಗ್‌ಸ್ಟನ್, ಕೋಬಾಲ್ಟ್ ಎರಡನ್ನೂ ಕೇಂದ್ರ ಸರ್ಕಾರ 2023ರಲ್ಲೇ 30 ನಿರ್ಣಾಯಕ ಖನಿಜಗಳ ಪಟ್ಟಿಗೆ ಸೇರಿಸಿದೆ. ಕೋಲಾರದ ಚಿನ್ನದ ಗಣಿಯ ಸಯನೈಡ್ ದಿಬ್ಬಗಳಲ್ಲೂ ಟಂಗ್‌ಸ್ಟನ್ನಿನ ಅದಿರಾದ ಷೀಲೈಟ್ ಇದೆ, ನಿಜ. ಆದರೆ ಮಣ್ಣಿನಲ್ಲಿ ಚದುರಿದ ಅಲ್ಪಾಂಶವನ್ನು ಸೋಸುವುದಕ್ಕೂ ಬಹುಪಾಲು ಟಂಗ್‌ಸ್ಟನ್ನೇ ಆಗಿರುವ ತುಣುಕನ್ನು ಮತ್ತೆ ಪುಡಿ ಮಾಡುವುದಕ್ಕೂ ಹೋಲಿಕೆಯೇ ಇಲ್ಲ.

ಇನ್ಸರ್ಟನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ, ಗುಜರಿಯವರು ಒಳ್ಳೆಯ ಬೆಲೆಗೇ ಕೊಳ್ಳುತ್ತಾರೆ ಎಂದು ಹೇಳುವವರಿದ್ದಾರೆ. ಒಪ್ಪೋಣ. ಆದರೆ ಕೆಡುವುದು ಬೆರಕೆಯಲ್ಲಿ. ಉಕ್ಕಿನ ಹಿಡಿಗೆ ಬ್ರೇಜಿಂಗ್ ಮಾಡಿದ ಟಿಪ್, ಹಿತ್ತಾಳೆ ಚೂರು, ಉಕ್ಕಿನ ಸುರುಳಿ ಎಲ್ಲ ಒಟ್ಟಾದರೆ ಮಾಲಿನ ದರ್ಜೆ ಇಳಿಯುತ್ತದೆ. ಮರುಬಳಕೆಯ ಪುಡಿ ಕಳಪೆ ಎಂಬ ಆಕ್ಷೇಪಕ್ಕೂ ಇಲ್ಲೇ ಉತ್ತರವಿದೆ. ಸತುವಿನ ವಿಧಾನದಲ್ಲಿ ಸುಮಾರು 900 ಡಿಗ್ರಿಯ ಕರಗಿದ ಸತು ಕೋಬಾಲ್ಟಿನೊಳಗೆ ಇಳಿದು ತುಣುಕನ್ನು ಉಬ್ಬಿಸುತ್ತದೆ. ಆಮೇಲೆ ಸತುವನ್ನು ನಿರ್ವಾತದಲ್ಲಿ ಆವಿಯಾಗಿಸಿದರೆ ಪುಡಿಯಾಗುವ ಮುದ್ದೆ ಸಿಗುತ್ತದೆ. ಹಳೆಯ ತುಣುಕಿನ ಗುಣವೇ ಆ ಪುಡಿಗೂ ಬರುವುದರಿಂದ, ವಿಂಗಡಿಸಿ ಕೊಟ್ಟ ಮಾಲಿನಿಂದ ಒಳ್ಳೆಯ ಪುಡಿ, ಬೆರಕೆ ಮಾಲಿನಿಂದ ಬೆರಕೆ ಪುಡಿ. ರಾಸಾಯನಿಕ ವಿಧಾನದಲ್ಲಾದರೆ ಅದಿರಿನಿಂದ ತೆಗೆದಷ್ಟೇ ಶುದ್ಧ ಪುಡಿ ಸಿಗುತ್ತದೆ, ಖರ್ಚು ಮಾತ್ರ ಹೆಚ್ಚು.

ನಾಲ್ಕು ಲೇತು ಇಟ್ಟುಕೊಂಡವರ ಬಳಿ ತಿಂಗಳಿಗೆ ಎಷ್ಟು ಕೂಡೀತು ಎಂಬ ಪ್ರಶ್ನೆ ಮಾತ್ರ ಗಟ್ಟಿ. ಆ ಸಣ್ಣವರಿಗಾಗಿಯೇ ಪೀಣ್ಯ ಕೈಗಾರಿಕಾ ಸಂಘ ಒಂದು ಸಂಗ್ರಹ ಕೇಂದ್ರ ನಡೆಸಲಿ, ತೂಕ ಮತ್ತು ದರವನ್ನು ಬೋರ್ಡಿನಲ್ಲಿ ಬರೆಯಲಿ. ಅಲ್ಲಿಯವರೆಗೆ ಕಾರ್ಖಾನೆ ಮಾಲೀಕರಲ್ಲಿ ಕೋರುವುದಿಷ್ಟೆ: ಇನ್ಸರ್ಟಿಗೆ ಬೇರೆ ಡಬ್ಬ ಇಡಿ, ಬ್ರೇಜಿಂಗ್ ಟೂಲನ್ನು ಅದರೊಳಗೆ ಹಾಕಬೇಡಿ.