ತೊಗಲಿನ ಹದ

ಕನ್ನಡದಲ್ಲಿ ‘ಹದ’ ಎಂಬುದು ಬಹು ವ್ಯಾಪಕವಾದ ಮಾತು. ಬಿತ್ತುವ ನೆಲಕ್ಕೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಕತ್ತಿಯ ಬಾಯಿಗೆ ಹದವುಂಟು. ಹಸಿಯ ತೊಗಲು ಕೊಳೆಯದಂತೆ, ಒಣಗಿ ಮರದಂತಾಗದಂತೆ ಮಾಡುವ ಕ್ರಿಯೆಯನ್ನೂ ಕನ್ನಡಿಗರು ‘ಹದ ಮಾಡುವುದು’ ಎಂದೇ ಕರೆಯುತ್ತಾರೆ. ಈ ಎಲ್ಲ ಎಡೆಗಳಲ್ಲಿಯೂ ಹದವನ್ನು ಅರಿಯುವ ಸಾಧನಗಳು ಕಣ್ಣು ಮತ್ತು ಕೈ. ಬರಹವು ಅದನ್ನು ಸೂಚಿಸಬಲ್ಲುದೇ ಹೊರತು ಕೊಡಲಾರದು. ನಗರವಾಸಿಗಳಾದ ವಿದ್ಯಾವಂತರಲ್ಲಿ ಕೆಲವರು ಇಂದು ಬಿಡುವಿನ ವೇಳೆಯಲ್ಲಿ ತೊಗಲಿನ ಕೆಲಸವನ್ನು ಹವ್ಯಾಸವಾಗಿ ಕೈಗೊಳ್ಳುತ್ತಿದ್ದಾರೆ. ಈ ವಿದ್ಯೆಯ ಕ್ರಮವೇನು, ಅದನ್ನು ಕಲಿಯುವವನು ಯಾರಿಗೆ ಋಣಿ ಎಂಬೆರಡು ಪ್ರಶ್ನೆಗಳು ಇಲ್ಲಿ ವಿಚಾರಾರ್ಹವಾಗಿವೆ.

ಮೊದಲು ಪದಾರ್ಥದ ಸ್ವರೂಪವನ್ನು ನೋಡಬೇಕು. ತೊಗಲು ಕೊಲಾಜೆನ್ ಎಂಬ ಸಸಾರಜನಕದ ಎಳೆಗಳ ದಟ್ಟವಾದ ಹೆಣಿಗೆ. ಜಾಲಿಯ ತೊಗಟೆ, ಅಳಲೆಕಾಯಿ ಮುಂತಾದುವುಗಳಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವು ಈ ಎಳೆಗಳನ್ನು ಬಂಧಿಸಿ, ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಅವು ಆಹಾರವಾಗದಂತೆ ಮಾಡುತ್ತದೆ. ಈ ಪದ್ಧತಿಗೆ ವಾರಗಳೇ, ಕೆಲವೊಮ್ಮೆ ತಿಂಗಳುಗಳೇ ಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಕ್ರೋಮಿಯಂ ಲವಣದ ಪದ್ಧತಿ ಇದೇ ಕಾರ್ಯವನ್ನು ಬಹು ಶೀಘ್ರವಾಗಿ ಮುಗಿಸುತ್ತದೆ. ಇಂದು ಜಗತ್ತಿನ ತೊಗಲಿನ ಬಹುಭಾಗ ಸಿದ್ಧವಾಗುವುದು ಹೀಗೆಯೇ. ಆದರೆ ಹವ್ಯಾಸಿಗೆ ಒಪ್ಪುವುದು ತೊಗಟೆಯಲ್ಲಿ ಹದಗೊಂಡ ತೊಗಲು. ನೀರಿನಲ್ಲಿ ತುಸು ನೆನೆಸಿ ಅದನ್ನು ಬಾಗಿಸಬಹುದು, ಒತ್ತಿ ಚಿತ್ತಾರ ಮೂಡಿಸಬಹುದು. ಆರಿದ ಮೇಲೆ ಅದು ಕೊಟ್ಟ ಆಕಾರವನ್ನು ಉಳಿಸಿಕೊಳ್ಳುತ್ತದೆ. ಅದರ ಅಂಚು ಉಜ್ಜಿದರೆ ಹೊಳೆಯುತ್ತದೆ. ಕ್ರೋಮ್ ತೊಗಲಿಗೆ ಈ ಗುಣಗಳು ಅಷ್ಟಾಗಿ ಇಲ್ಲ.

ಒಂದೇ ಚರ್ಮದಲ್ಲಿಯೂ ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಸಡಿಲ. ಸೊಂಟಪಟ್ಟಿಯನ್ನು ಬೆನ್ನಿನಿಂದಲೇ ಕತ್ತರಿಸಬೇಕು. ಹೊಟ್ಟೆಯಿಂದ ಕತ್ತರಿಸಿದ್ದು ಕೆಲವೇ ದಿನಗಳಲ್ಲಿ ಹಿಗ್ಗಿ ಜೋಲುತ್ತದೆ. ಹಣದ ಚೀಲಕ್ಕೆ 1ರಿಂದ 1.5 ಮಿಲಿಮೀಟರ್, ಸೊಂಟಪಟ್ಟಿಗೆ 3ರಿಂದ 4 ಮಿಲಿಮೀಟರ್ ದಪ್ಪ ಸಾಕು. ಮುಂಬಯಿಯವರಿಗೆ ಧಾರಾವಿಯ, ಚೆನ್ನೈಯವರಿಗೆ ಪೆರಿಯಮೇಟಿನ ತೊಗಲಿನ ಅಂಗಡಿಗಳು ದೂರವೇನಲ್ಲ.

ಉಪಕರಣಗಳು ಕೆಲವೇ. ಕತ್ತರಿಸಲು ರಂಪಿಗೆ, ರಂಧ್ರ ಮಾಡಲು ಉಳಿ, ಹೊಡೆಯಲು ಮರದ ಕೊಡತಿ, ಗೆರೆಯೆಳೆಯಲು ಕೈವಾರ, ಮೊಂಡು ಮೊನೆಯ ಎರಡು ಸೂಜಿ, ಮೇಣ ಸವರಿದ ದಾರ. ಹೊಲಿಗೆಯ ಅಂತರವನ್ನು ಸಮನಾಗಿ ಗುರುತಿಸಲು ಮುಳ್ಳುಚಮಚದಂಥ ಹಲ್ಲುಳ್ಳ ಕಬ್ಬಿಣವೊಂದು ದೊರೆಯುತ್ತದೆ. ಆರಂಭಕ್ಕೆ ಹಲ್ಲುಗಳ ನಡುವೆ 4 ಮಿಲಿಮೀಟರ್ ಅಂತರವಿರುವುದು ಅನುಕೂಲ. ರಂಪಿಗೆಯ ಬಾಯಿ ಎಷ್ಟು ಹರಿತವೋ ಅಷ್ಟು ಕ್ಷೇಮ. ಮೊಂಡಾದ ರಂಪಿಗೆಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಕೈ ಜಾರುತ್ತದೆ.

ಈ ವಿದ್ಯೆಯ ಹೃದಯವಿರುವುದು ಹೊಲಿಗೆಯಲ್ಲಿ. ಯಂತ್ರದ ಹೊಲಿಗೆಯಲ್ಲಿ ಎರಡು ದಾರಗಳುಂಟು: ಒಂದು ಮೇಲುಗಡೆ, ಒಂದು ಕೆಳಗಡೆ. ತೊಗಲಿನ ನಡುವೆ ಅವು ಒಂದನ್ನೊಂದು ಕೊಂಡಿಯಂತೆ ಹಿಡಿದು ತಮ್ಮ ತಮ್ಮ ಪಕ್ಕಕ್ಕೇ ಹಿಂದಿರುಗುತ್ತವೆ. ಒಂದು ಕೊಂಡಿ ಕಡಿದರೆ ನೆರೆಯವುಗಳೂ ಸಡಿಲಗೊಳ್ಳುತ್ತವೆ. ಕುದುರೆಯ ಜೀನು ಹೊಲಿಯುವವರು ಬಳಸುವ ಕೈಹೊಲಿಗೆಯ ತತ್ತ್ವವೇ ಬೇರೆ. ಇಲ್ಲಿ ದಾರ ಒಂದೇ, ಅದರ ಎರಡು ತುದಿಗಳಿಗೂ ಸೂಜಿ. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರವನ್ನು ತೆಗೆದುಕೊಂಡು, ಮೊದಲ ರಂಧ್ರದಲ್ಲಿ ಒಂದು ಸೂಜಿಯನ್ನು ಹಾಯಿಸಿ, ಎರಡು ಪಕ್ಕಗಳಲ್ಲಿಯೂ ದಾರ ಸಮನಾಗುವಂತೆ ಎಳೆಯಬೇಕು. ಮುಂದಿನ ಪ್ರತಿಯೊಂದು ರಂಧ್ರದಲ್ಲಿಯೂ ಎಡಗಡೆಯ ಸೂಜಿ ಬಲಕ್ಕೂ, ಅದರ ಹಿಂದೆಯೇ ಬಲಗಡೆಯ ಸೂಜಿ ಎಡಕ್ಕೂ ಹಾಯುತ್ತವೆ. ಎರಡನೆಯ ಸೂಜಿ ಮೊದಲ ದಾರವನ್ನು ಸೀಳಿಕೊಂಡು ಹೋಗಬಾರದು; ಎರಡು ಕೈಗಳೂ ಸಮಬಲದಿಂದ ಎಳೆಯಬೇಕು; ಯಾವ ಸೂಜಿ ಮೊದಲೆಂಬ ಕ್ರಮ ಒಮ್ಮೆಯೂ ತಪ್ಪಬಾರದು. ಕ್ರಮ ತಪ್ಪಿದೆಡೆಯಲ್ಲಿ ಹೊಲಿಗೆಯ ಓರೆ ಬದಲಾಗಿ, ತಪ್ಪು ಕಣ್ಣಿಗೆ ಕಾಣುತ್ತದೆ. ಕೊನೆಯಲ್ಲಿ ಎರಡು ಮೂರು ರಂಧ್ರಗಳಷ್ಟು ಹಿಂದಕ್ಕೆ ಹೊಲಿದು ದಾರವನ್ನು ಕತ್ತರಿಸಿದರೆ ಗಂಟಿನ ಅಗತ್ಯವೇ ಇಲ್ಲ. ಹೀಗೆ ಹೊಲಿದುದರಲ್ಲಿ ಒಂದೆಡೆ ದಾರ ಸವೆದು ಕಡಿದರೂ, ಎದುರಿನಿಂದ ಬಂದ ಎಳೆ ಹಿಡಿತವನ್ನು ಬಿಡುವುದಿಲ್ಲ. ಕೈಹೊಲಿಗೆಯ ಮೇಲ್ಮೆ ಕೇವಲ ಭಾವನೆಯ ಮಾತಲ್ಲ, ರಚನೆಯಲ್ಲಿಯೇ ಇರುವ ಸಂಗತಿ.

ಹೊಲಿಗೆಯಾದ ಬಳಿಕ ಅಂಚಿನ ಕೆಲಸ. ಮೂಲೆಗಳನ್ನು ಸಣ್ಣಗೆ ಹೆರೆದು, ಮರಳುಕಾಗದದಿಂದ ತಿಕ್ಕಿ, ನೀರನ್ನೋ ತೆಳುವಾದ ಅಂಟನ್ನೋ ಸವರಿ, ನುಣುಪಾದ ಮರದ ತುಂಡಿನಿಂದ ಬಿಸಿಯೇರುವವರೆಗೆ ಉಜ್ಜಬೇಕು. ಬಿಡಿ ಎಳೆಗಳು ಒಂದಕ್ಕೊಂದು ಅಂಟಿ ಅಂಚು ಗಾಜಿನಂತಾಗುತ್ತದೆ. ನೀರು ಹೆಚ್ಚಾದರೆ ಅಂಚು ಮೆತ್ತಗಾಗಿ ಕುಸಿಯುತ್ತದೆ, ಕಡಿಮೆಯಾದರೆ ಸುಲಿಯುತ್ತದೆ. ಹದವೆಂಬ ಮಾತಿನ ಅರ್ಥ ಇಲ್ಲಿ ಬೆರಳಿಗೆ ತಿಳಿಯುತ್ತದೆ. ಆಮೇಲೆ ಎಣ್ಣೆಯನ್ನು ಅತಿ ತೆಳುವಾಗಿ ಸವರಿ, ಜೇನುಮೇಣದಿಂದ ಮುಗಿಸುವುದು ವಾಡಿಕೆ.

ಒಂದು ಎಚ್ಚರಿಕೆ ಅವಶ್ಯ. ನೆನೆದ ತೊಗಲಿನ ಮೇಲೆ ಕಬ್ಬಿಣದ ಉಪಕರಣವನ್ನು ಬಿಟ್ಟರೆ ಅಲ್ಲಿ ಕಪ್ಪು ಕಲೆ ಮೂಡುತ್ತದೆ. ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಕಪ್ಪಾಗುವುದೇ ಇದಕ್ಕೆ ಕಾರಣ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು, ಎಂದರೆ ಕಬ್ಬಿಣದ ಲವಣವನ್ನು, ಕೂಡಿಸಿ ಬರೆಯುವ ಮಸಿಯನ್ನು ಮಾಡುವ ಪದ್ಧತಿಯೂ ನಮ್ಮ ದೇಶದಲ್ಲಿತ್ತು. ಈ ಸಂಬಂಧ ಚಿಂತನೀಯವಾದುದು. ಒಂದೇ ಕಾಯಿಯ ಒಗರು ಲೇಖಕನ ಮಸಿಗೂ ಬೇಕಾಯಿತು, ಸಮಗಾರನ ತೊಗಲಿಗೂ ಬೇಕಾಯಿತು. ಮಸಿ ಮೆತ್ತಿದ ಕೈ ಪೂಜ್ಯವೆನಿಸಿತು. ತೊಗಲು ಮುಟ್ಟಿದ ಕೈಯನ್ನು ಊರ ಹೊರಗಿಟ್ಟರು.

ಹನ್ನೆರಡನೆಯ ಶತಮಾನದ ಶರಣರು ಈ ಭೇದವನ್ನು ನಿರಾಕರಿಸಿದರು. ಸಮಗಾರ ಹರಳಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ ಇವರು ಮೂವರೂ ತೊಗಲಿನ ಕಾಯಕದ ಕುಲಗಳವರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಹೊಲಿದರೆಂಬ ಐತಿಹ್ಯ ಕನ್ನಡ ನಾಡಿನಲ್ಲಿ ಮನೆಮಾತಾಗಿದೆ. ಮಹಾರಾಷ್ಟ್ರದ ಢೋರ ಸಮಾಜವು ಇಂದಿಗೂ ಕಕ್ಕಯ್ಯನನ್ನು ತನ್ನ ಕುಲಪುರುಷನೆಂದು ಗೌರವಿಸುತ್ತದೆ. ಆದರೆ ಶರಣರ ತರುವಾಯವೂ ಈ ಕಾಯಕದವರ ಮೇಲಿನ ಅಸ್ಪೃಶ್ಯತೆಯ ಭಾರ ಇಳಿಯಲಿಲ್ಲ.

ಕೊಲ್ಹಾಪುರಿ ಚಪ್ಪಲಿಯ ಕಥೆಯೂ ಇದಕ್ಕೆ ಸಾಕ್ಷಿ. ಸಾಂಪ್ರದಾಯಿಕ ರೀತಿಯಲ್ಲಿ ಮೊಳೆಯನ್ನು ಬಳಸದೆ, ತೊಗಲಿನ ಬಾರಿನಿಂದಲೇ ಅದನ್ನು ಹೊಲಿಯುತ್ತಾರೆ. ಹೆಸರು ಕೊಲ್ಹಾಪುರದ್ದಾದರೂ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆಯ ಕುಶಲಕರ್ಮಿಗಳ ಪಾಲು ಅದರಲ್ಲಿ ದೊಡ್ಡದು. ಅದಕ್ಕೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆ ಮಹಾರಾಷ್ಟ್ರದ 4, ಕರ್ನಾಟಕದ 4 ಜಿಲ್ಲೆಗಳಿಗೆ ಕೂಡಿಯೇ ಸಂದಿದೆ. 2025ರ ಜೂನಿನಲ್ಲಿ ಇಟಲಿಯ ಪ್ರಾದಾ ಸಂಸ್ಥೆ ಮಿಲಾನಿನ ಪ್ರದರ್ಶನದಲ್ಲಿ ಇದನ್ನೇ ಹೋಲುವ ಚಪ್ಪಲಿಗಳನ್ನು ಮೂಲವನ್ನು ಹೇಳದೆ ಮುಂದಿಟ್ಟಿತು; ಆಕ್ಷೇಪಗಳೆದ್ದ ಮೇಲೆ ಅವುಗಳಿಗೆ ಭಾರತದ ಕರಕುಶಲ ಪಾದರಕ್ಷೆಯೇ ಪ್ರೇರಣೆಯೆಂದು ಒಪ್ಪಿತು.

ಅಷ್ಟು ದೂರ ಹೋಗುವುದೇಕೆ? ಹವ್ಯಾಸಿಯ ಮೇಜಿನ ಮೇಲೆಯೂ ಇದೇ ಲೋಪ ಸಂಭವಿಸಬಹುದು. ತಲೆಮಾರುಗಳಿಂದ ಒಬ್ಬನಿಗೆ ಅವಮಾನದ ಕಾರಣವಾಗಿದ್ದ ಕೆಲಸವೇ ಮತ್ತೊಬ್ಬನ ಕೈಯಲ್ಲಿ ರಸಿಕತೆಯ ಲಕ್ಷಣವಾಗುತ್ತದೆ. ಉಪಕರಣಗಳು ಪರದೇಶದ ಹೆಸರಿನಿಂದ ಅಂಚೆಯಲ್ಲಿ ಬರುತ್ತವೆ. ರಂಪಿಗೆ, ಅಟ್ಟೆ, ಬಾರು, ಮಿಣಿ ಎಂಬ ಕನ್ನಡ ಮಾತುಗಳು ಅವುಗಳನ್ನು ಬಳಸಿದ ಮುದುಕರೊಡನೆಯೇ ಮರೆಯಾಗುತ್ತವೆ. ಹವ್ಯಾಸವನ್ನು ಬಿಡುವುದು ಇದಕ್ಕೆ ಪರಿಹಾರವಲ್ಲ. ಹೊಸಬನು ಬೀದಿಯ ಮೂಲೆಯಲ್ಲಿ ಕುಳಿತ ಸಮಗಾರನನ್ನು ಗುರುವೆಂದು ಭಾವಿಸಿ, ಕಲಿತ ಪಾಠಕ್ಕೆ ತಕ್ಕ ಸಂಭಾವನೆಯನ್ನು ಕೊಟ್ಟು, ಅವನ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಉಚಿತ. ಬಹುಶಃ ಹವ್ಯಾಸಿಯ ಮೊದಲ ಹೊಲಿಗೆ ಸೊಟ್ಟಗಿರುತ್ತದೆ. ಆ ಸೊಟ್ಟವನ್ನು ನೋಡಿದಾಗ, ತಾನು ಇದುವರೆಗೆ ಚೌಕಾಸಿ ಮಾಡಿ ಕೊಂಡ ಚಪ್ಪಲಿಗಳ ನೇರವಾದ ಹೊಲಿಗೆಯ ಬೆಲೆ ಅವನಿಗೆ ತಿಳಿದೀತು.