ಉಣ್ಣಿಗಳ ಸಂಶೋಧನೆಯೂ ಕೇಂಬ್ರಿಜ್ ಪ್ರಯೋಗಶಾಲೆಯೂ

ದನಗಳ ಕಿವಿಯಲ್ಲಿಯೂ ಕೆಚ್ಚಲಿನ ಸಂದಿನಲ್ಲಿಯೂ ಕಚ್ಚಿಕೊಂಡು ರಕ್ತವನ್ನು ಹೀರುವ ಉಣ್ಣಿಯನ್ನು ಕಾಣದ ರೈತನಿಲ್ಲ. ಬೆಳೆದ ಉಣ್ಣಿಗೆ ಎಂಟು ಕಾಲುಗಳಿರುವುದರಿಂದ ಇದು ಜೇಡ, ಚೇಳುಗಳ ವರ್ಗಕ್ಕೆ ಸೇರಿದ ಜಂತುವಾಗಿರುವುದು. ದನಗಳ ಮೂತ್ರವನ್ನು ಕೆಂಪಾಗಿಸಿ ಕೊಲ್ಲುವ ಟೆಕ್ಸಾಸ್ ಜ್ವರವು ಉಣ್ಣಿಯ ಮೂಲಕವೇ ಹರಡುವುದೆಂಬುದನ್ನು ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ಪಂಡಿತರು 1893ರಲ್ಲಿ ಪ್ರಕಟಿಸಿದರು.

ಆದರೆ ಉಣ್ಣಿಗಳಲ್ಲಿ ಎಂಟುನೂರಕ್ಕೂ ಮೀರಿದ ಜಾತಿಗಳುಂಟು. ಯಾವ ಜಾತಿಯು ಯಾವ ರೋಗವನ್ನು ತರುವುದು, ಯಾವ ಪ್ರಾಣಿಯ ಮೇಲೆ ಬೆಳೆಯುವುದು ಎಂಬುದು ಗೊತ್ತಾಗದೆ ನಿವಾರಣೋಪಾಯವನ್ನು ಹೇಳುವುದು ಅಸಾಧ್ಯ. ಈ ಕಾರ್ಯವನ್ನು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಕೈಕೊಂಡವರು, 1906ರಲ್ಲಿ ಅಲ್ಲಿ ಪ್ರಾಧ್ಯಾಪಕರಾದ ಜಾರ್ಜ್ ನಟಲ್ ಎಂಬವರು. ವಾರ್ಬರ್ಟನ್ ಮೊದಲಾದವರ ಸಹಾಯದಿಂದ ಅವರು ನಾನಾ ದೇಶಗಳ ಉಣ್ಣಿಗಳನ್ನು ಸಂಗ್ರಹಿಸಿ, ಜಾತಿವಾರಾಗಿ ವಿಂಗಡಿಸಿ, 1908ರಿಂದ ಭಾಗಭಾಗವಾಗಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸುತ್ತ ಬಂದರು. 1909ರಲ್ಲಿ ನಟಲ್ ಮತ್ತು ಹ್ಯಾಡ್ವೆನ್ ಎಂಬವರು ಟ್ರಿಪಾನ್ ಬ್ಲೂ ಎಂಬ ನೀಲಿಬಣ್ಣವು ಉಣ್ಣಿಯಿಂದ ಬರುವ ಈ ಬಗೆಯ ಜ್ವರಕ್ಕೆ ಔಷಧವಾಗುವುದೆಂದು ತೋರಿಸಿದರು. ಅದು ಬಹುಕಾಲ ಬಳಕೆಯಲ್ಲಿದ್ದು, ಕ್ರಮೇಣ ಅದರ ಸ್ಥಾನಕ್ಕೆ ಬೇರೆ ಔಷಧಗಳು ಬಂದವು. ಮೊಲ್ಟೀನೊ ದಂಪತಿಗಳ ದಾನದಿಂದ 1921ರಲ್ಲಿ ಕೇಂಬ್ರಿಜಿನಲ್ಲಿ ಪರೋಪಜೀವಿ ಶಾಸ್ತ್ರಕ್ಕೆಂದೇ ಮೊಲ್ಟೀನೊ ಸಂಸ್ಥೆಯು ಸ್ಥಾಪಿತವಾಯಿತು. ನಟಲ್‌ರವರು 1937ರಲ್ಲಿ ಕಾಲವಾದರು.

ಇಂತಹ ಶ್ರಮದಿಂದ ನಮಗೇನು ಲಾಭವೆಂದು ಕೆಲವರು ಕೇಳಬಹುದು. ಮೇಲಿನ ಗ್ರಂಥದ ಮೂರನೆಯ ಭಾಗವು 1915ರಲ್ಲಿ ಪ್ರಕಟವಾಯಿತು. ಅದು ಹೀಮಫೈಸಾಲಿಸ್ ಎಂಬ ಒಂದೇ ಕುಲದ ಉಣ್ಣಿಗಳನ್ನು ಕುರಿತದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಹಳ್ಳಿಯ ಜನರೂ ಜ್ವರದಿಂದ ಮಡಿದಾಗ, ರೋಗವನ್ನು ಹರಡಿದ ಮುಖ್ಯ ಜಂತುವು ಇದೇ ಕುಲದ್ದೆಂದು ತಿಳಿದುಬಂದಿತು. ಮಲೆನಾಡಿನವರು ಇದನ್ನು ಉಣುಗೆನ್ನುವರು. ಬೆಳೆದ ಉಣುಗು ದನದ ರಕ್ತವನ್ನು ಕುಡಿಯುವುದು. ಮನುಷ್ಯನಿಗೆ ರೋಗವನ್ನು ಅಂಟಿಸುವುದು ಬಹುಮಟ್ಟಿಗೆ ಕಣ್ಣಿಗೆ ಬೀಳದಷ್ಟು ಸಣ್ಣದಾದ ಎಳೆಯ ಉಣುಗು.

ಆದಕಾರಣ ಕಾಡಂಚಿನ ಗ್ರಾಮಗಳ ಮುಖಂಡರೂ ಜಮೀನುದಾರರೂ ಈ ಕೆಳಗಿನ ವಿಷಯಗಳಲ್ಲಿ ಲಕ್ಷ್ಯವಿಡತಕ್ಕದ್ದು. ಮಂಗವು ಸತ್ತು ಬಿದ್ದಿರುವುದು ಕಂಡರೆ ಯಾರೂ ಮುಟ್ಟದಂತೆ ಮಾಡಿ, ಆರೋಗ್ಯ ಇಲಾಖೆಗೆ ಆ ದಿನವೇ ತಿಳಿಸಬೇಕು. ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗುವ ಆಳುಗಳು ಮೈತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ತೈಲವನ್ನು ಹಚ್ಚಿಕೊಂಡು ಹೋಗಿ, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನಮಾಡುವಂತೆ ನೋಡಿಕೊಳ್ಳಬೇಕು. ದನಗಳ ಉಣ್ಣಿಯನ್ನು ಪಶುವೈದ್ಯರ ಸಲಹೆಯಂತೆ ಕಾಲಕಾಲಕ್ಕೆ ನಾಶಪಡಿಸಬೇಕು. ಜ್ವರ ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು.